ಮಗ್ಗುಲು ಬದಲಿಸುವ ಸಂಗೀತ: ಪಿಂಕ್ ಫ್ಲಾಯ್ಡ್ ಆಲ್ಬಮ್‌ಗಳ ರಚನೆಯಲ್ಲಿ ಎಲ್‌ಪಿ ತಟ್ಟೆಯ ಪಾತ್ರ

ಸಾರಾಂಶ

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಶೈಲಿಯನ್ನು ಸಾಮಾನ್ಯವಾಗಿ ಎರಡು ಕಾರಣಗಳಿಂದ ವಿವರಿಸಲಾಗುತ್ತದೆ: ಸಿಡ್ ಬ್ಯಾರೆಟ್ ಅವರ ನಿರ್ಗಮನ ಮತ್ತು ರೋಜರ್ ವಾಟರ್ಸ್ ಅವರ ಸಾಹಿತ್ಯ. ಈ ಲೇಖನ ಮೂರನೆಯ ಕಾರಣವೊಂದನ್ನು ಪರಿಶೀಲಿಸುತ್ತದೆ. 1970ರಿಂದ 1979ರವರೆಗಿನ ಪ್ರಮುಖ ಆಲ್ಬಮ್‌ಗಳಲ್ಲಿ ತಂಡದ ರಚನೆಯ ಮೂಲ ಅಳತೆ ಎಲ್‌ಪಿ ತಟ್ಟೆಯ ಒಂದು ಮಗ್ಗುಲಾಗಿತ್ತು ಎಂಬುದು ಇಲ್ಲಿನ ವಾದ. ತಂಡಕ್ಕೆ ಹೆಸರು ತಂದ ನಿಧಾನಗತಿ, ಮೌನ ಮತ್ತು ಪುನರಾವರ್ತನೆಗಳು ಈ ಅಳತೆಯನ್ನು ಒಪ್ಪಿಕೊಂಡದ್ದರಿಂದ ಸಾಧ್ಯವಾದವು.

1. ಪ್ರಸ್ತಾವನೆ

ಸಂಗೀತವನ್ನು ಹೊರುವ ಸಾಧನ ಸಂಗೀತದ ಆಕಾರವನ್ನೂ ತಿದ್ದುತ್ತದೆ ಎಂಬುದು ನಮ್ಮ ಕೇಳುಗರಿಗೆ ಹೊಸ ಮಾತಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಅಡಕಗೊಳಿಸಿದರು. ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಈ ಗಾಯಕಿಯ ಮುದ್ರಿಕೆಗಳಲ್ಲಿ ನಿಧಾನದ ವಿಸ್ತಾರಕ್ಕೆ ಎಡೆಯೇ ಇರಲಿಲ್ಲ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಮಾರುಕಟ್ಟೆಗೆ ತಂದಾಗ ಈ ಇಕ್ಕಟ್ಟು ಸಡಿಲವಾಯಿತು. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಒಂದೊಂದು ಮಗ್ಗುಲಿನಲ್ಲೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುತ್ತಿತ್ತು. ಈ ಹಿಗ್ಗುವಿಕೆಗೂ ಮಿತಿಯಿತ್ತು. ಮಗ್ಗುಲು ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ದನಿಯ ಮಟ್ಟವನ್ನು ತಗ್ಗಿಸಬೇಕಾಗುತ್ತದೆ, ಮಂದ್ರದ ತೂಕವೂ ಕಡಿಮೆಯಾಗುತ್ತದೆ. ತಟ್ಟೆಯ ನಡುವಿಗೆ ಹೋದಂತೆ ಸುತ್ತು ಚಿಕ್ಕದಾಗಿ ತಾರದ ಸ್ವರಗಳ ಸ್ಪಷ್ಟತೆ ಮಸುಕಾಗುತ್ತದೆ. ಹಾಗಾಗಿ ಮಗ್ಗುಲು ಎಂಬುದು ಬರಿಯ ಖಾಲಿ ಜಾಗವಲ್ಲ. ಅದಕ್ಕೊಂದು ಮೊದಲು, ಒಂದು ಕೊನೆ, ಆಮೇಲೆ ಕೇಳುಗನು ಎದ್ದುಬಂದು ತಟ್ಟೆಯನ್ನು ಮಗುಚಲೇಬೇಕಾದ ಒಂದು ವಿರಾಮ ಇವೆ. ಪಿಂಕ್ ಫ್ಲಾಯ್ಡ್ ಈ ಮೂರನ್ನೂ ರಚನೆಯೊಳಕ್ಕೆ ಹೇಗೆ ತಂದುಕೊಂಡಿತು ಎಂಬುದನ್ನು ಮುಂದೆ ನೋಡೋಣ.

2. ಕ್ಲಬ್ಬಿನಿಂದ ನಕ್ಷೆಯ ಕಡೆಗೆ

ವಾಟರ್ಸ್, ಡ್ರಮ್ ವಾದಕ ನಿಕ್ ಮೇಸನ್, ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಈ ಮೂವರೂ ಪರಿಚಯವಾದದ್ದು ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗದಲ್ಲಿ. ಚಿತ್ರಕಲೆ ಕಲಿಯುತ್ತಿದ್ದ ಸಿಡ್ ಬ್ಯಾರೆಟ್ ಈ ಮೂವರ ಜೊತೆ ಸೇರಿ ತಂಡದ ಮುಖ್ಯ ಹಾಡುಗಾರರಾದರು, ಹಾಡು ಬರೆದವರೂ ಆದರು. ಆರಂಭದಲ್ಲಿ ತಂಡಕ್ಕೆ ಎರಡು ಮುಖಗಳಿದ್ದವು. ಯುಎಫ್‌ಓ ಕ್ಲಬ್ಬಿನ ರಾತ್ರಿಗಳಲ್ಲಿ ಅವರು ಹೊತ್ತುಗೊತ್ತಿಲ್ಲದೆ ಮನೋಧರ್ಮದ ವಾದನ ನಡೆಸುತ್ತಿದ್ದರು. ಮಾರುಕಟ್ಟೆಗಾಗಿ 'ಸೀ ಎಮಿಲಿ ಪ್ಲೇ'ಯಂಥ, ಮೂರು ನಿಮಿಷ ಮೀರದ ಹಾಡುಗಳನ್ನು ಕೊಡುತ್ತಿದ್ದರು. 1967ರ ಆಗಸ್ಟಿನಲ್ಲಿ ಬಂದ 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್' ಈ ಎರಡನ್ನೂ ಅಕ್ಕಪಕ್ಕದಲ್ಲಿ ಇಡುತ್ತದೆ. ಚಿಕ್ಕ ಹಾಡುಗಳ ನಡುವೆ ಒಂಬತ್ತು ನಿಮಿಷ ದಾಟುವ 'ಇಂಟರ್‌ಸ್ಟೆಲರ್ ಓವರ್‌ಡ್ರೈವ್' ಬರುತ್ತದೆ; ಬೆಸುಗೆ ಇನ್ನೂ ಆಗಿಲ್ಲ.

ಬ್ಯಾರೆಟ್ ಅವರ ಮಾನಸಿಕ ಸ್ಥಿತಿ ಹದಗೆಟ್ಟು 1968ರಲ್ಲಿ ಅವರು ತಂಡದಿಂದ ದೂರವಾದರು. ಅವರ ಜಾಗ ತುಂಬಲು ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಂದರು. ಹಾಡು ಬರೆಯುವ ಕೈ ಹೋದ ಮೇಲೆ ಉಳಿದವರು ನೆಚ್ಚಿಕೊಂಡದ್ದು ತಾವು ಓದಿದ ವಿದ್ಯೆಯನ್ನು. ಅದೇ ವರ್ಷದ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಆಲ್ಬಮ್ಮಿನ ಶೀರ್ಷಿಕೆ ಕೃತಿಯನ್ನು ವಾಟರ್ಸ್ ಮತ್ತು ಮೇಸನ್ ಕಟ್ಟಡದ ನಕ್ಷೆಯಂತೆ ಏರುತಗ್ಗುಗಳ ಗೆರೆ ಎಳೆದು ಯೋಜಿಸಿದರು. ರಾಗದ ಮಾಧುರ್ಯಕ್ಕಿಂತ ಮೊದಲು ಕಾಲದ ಹಂಚಿಕೆಯನ್ನು ಯೋಚಿಸುವ ಕ್ರಮ ಇಲ್ಲಿಂದ ಶುರುವಾಯಿತು. ಆ ವರ್ಷದ ಡಿಸೆಂಬರಿನ ನಂತರ 1979ರವರೆಗೆ ತಂಡ ಬ್ರಿಟನ್ನಿನಲ್ಲಿ ಒಂದೇ ಒಂದು ಸಿಂಗಲ್ ತಟ್ಟೆಯನ್ನೂ ಬಿಡುಗಡೆ ಮಾಡಲಿಲ್ಲ. ಜನಪ್ರಿಯ ಸಂಗೀತದ ತಂಡವೊಂದು ಮೂರು ನಿಮಿಷದ ಅಳತೆಯನ್ನು ಹನ್ನೊಂದು ವರ್ಷ ಪಕ್ಕಕ್ಕಿಟ್ಟದ್ದು ಸಣ್ಣ ನಿರ್ಧಾರವಲ್ಲ.

3. ಒಂದಿಡೀ ಮಗ್ಗುಲು

1970ರ 'ಆಟಮ್ ಹಾರ್ಟ್ ಮದರ್' ಮೊದಲ ಪೂರ್ಣ ಪ್ರಯೋಗ. ಸಂಯೋಜಕ ರಾನ್ ಗೀಸಿನ್ ಅವರ ನೆರವಿನಿಂದ ಹಿತ್ತಾಳೆ ವಾದ್ಯಗಳನ್ನೂ ಗಾಯನವೃಂದವನ್ನೂ ಸೇರಿಸಿಕೊಂಡ ಶೀರ್ಷಿಕೆ ಕೃತಿ ಒಂದಿಡೀ ಮಗ್ಗುಲನ್ನು ಆವರಿಸಿತು. ಹೊದಿಕೆಯ ಮೇಲೆ ತಂಡದ ಹೆಸರಿಲ್ಲ, ಹೊಲದಲ್ಲಿ ನಿಂತ ಒಂದು ಹಸು ಮಾತ್ರ ಇತ್ತು. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೂ ಕೃತಿಯ ಬಿಡಿಭಾಗಗಳು ಒಂದಕ್ಕೊಂದು ಜೋಡಿಸಿಟ್ಟಂತೆ ಕೇಳಿಸುತ್ತವೆ. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ.

ಆ ಕೊರತೆ ನೀಗಿದ್ದು 1971ರ 'ಮೆಡಲ್'ನಲ್ಲಿ. ಅದರ ಎರಡನೇ ಮಗ್ಗುಲು ಪೂರ್ತಿ 'ಎಕೋಸ್' ಎಂಬ ಒಂದೇ ಕೃತಿ. ಅವಧಿ 23 ನಿಮಿಷ 31 ಸೆಕೆಂಡು. ರೈಟ್ ಅವರ ಪಿಯಾನೊದ ಒಂದೇ ಸ್ವರ ಲೆಸ್ಲಿ ಸ್ಪೀಕರಿನ ಮೂಲಕ ಹಾದು ನೀರಿಗೆ ಹನಿ ಬಿದ್ದಂತೆ ಕೇಳುತ್ತದೆ. ಕೃತಿ ಹುಟ್ಟುವುದೇ ಅದರಿಂದ. ಆಮೇಲೆ ಹಾಡು, ಹಾಡಿನಿಂದ ತಾಳದ ಭರಾಟೆ, ಅದು ಕರಗಿದ ಮೇಲೆ ಕಡಲಹಕ್ಕಿಗಳ ಚೀರಾಟದಂಥ ಸದ್ದು. ವಾ-ವಾ ಪೆಡಲಿಗೆ ತಂತಿಗಳನ್ನು ಹಿಂದುಮುಂದಾಗಿ ಸಿಕ್ಕಿಸಿ ಗಿಲ್ಮೋರ್ ಈ ಸದ್ದನ್ನು ಗಿಟಾರಿನಿಂದಲೇ ಹೊರಡಿಸಿದರು. ಆ ಶೂನ್ಯದಿಂದ ಮೊದಲಿನ ಹನಿ ಮತ್ತೆ ಕೇಳಿಬಂದು ಹಾಡು ಮರಳುತ್ತದೆ. ಮರಳಿ ಬಂದದ್ದನ್ನು ಗುರುತಿಸಲು ಕೇಳುಗನಿಗೆ ಅದು ಮರೆಯುವಷ್ಟು ಹೊತ್ತು ಬೇಕು; ಆ ಹೊತ್ತನ್ನು ಒದಗಿಸಿದ್ದು ಮಗ್ಗುಲಿನ ಉದ್ದ.

ಇಲ್ಲೊಂದು ಆಕ್ಷೇಪ ಸಹಜ. ಅದೇ ಕಾಲದಲ್ಲಿ 'ಯೆಸ್' ತಂಡವೂ (1972ರ 'ಕ್ಲೋಸ್ ಟು ದ ಎಡ್ಜ್') ಒಂದು ಮಗ್ಗುಲನ್ನು ಒಂದೇ ಕೃತಿಯಿಂದ ತುಂಬಿತ್ತು. ಹಾಗಿದ್ದರೆ ಪಿಂಕ್ ಫ್ಲಾಯ್ಡ್‌ನ ವಿಶೇಷವೇನು? ಉತ್ತರ ತುಂಬಿದ ಬಗೆಯಲ್ಲಿದೆ. ಯೆಸ್ ತಂಡ ಸಿಕ್ಕ ಅವಕಾಶವನ್ನು ಚುರುಕಾದ ವಾದನದಿಂದ, ಜಟಿಲ ತಾಳಗಳಿಂದ ತುಂಬಿತು. ಪಿಂಕ್ ಫ್ಲಾಯ್ಡ್ ಅದನ್ನು ತೆರವಾಗಿ ಬಿಟ್ಟಿತು. ಸ್ವರಗಳು ಕಡಿಮೆ, ಸ್ವರಗಳ ನಡುವಿನ ಬಿಡುವು ಹೆಚ್ಚು. ವಿಳಂಬ ಲಯದಲ್ಲಿ ರಾಗ ಕೇಳಿ ಬಲ್ಲವರಿಗೆ ಈ ಬಿಡುವಿನ ಬೆಲೆ ಗೊತ್ತು.

4. ಎರಡು ಮಗ್ಗುಲು, ಒಂದು ಚಿಂತನೆ

1973ರ ಮಾರ್ಚಿನಲ್ಲಿ ಬಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಈ ಪಾಠವನ್ನು ಇಡೀ ತಟ್ಟೆಗೆ ಹಬ್ಬಿಸಿತು. ಧ್ವನಿಮುದ್ರಣ ಆರಂಭವಾಗುವ ಮೊದಲೇ, 1972ರ ಜನವರಿಯಿಂದ, ಅದನ್ನು ವೇದಿಕೆಯಲ್ಲಿ ಅಖಂಡ ಕೃತಿಯಾಗಿ ನುಡಿಸಲಾಗುತ್ತಿತ್ತು. ತಟ್ಟೆಯಲ್ಲಿ ಮಗ್ಗುಲಿಗೆ ಐದರಂತೆ ಹತ್ತು ಭಾಗಗಳು. ಒಟ್ಟು ಸುಮಾರು 43 ನಿಮಿಷ.

ಎರಡು ಮಗ್ಗುಲುಗಳ ವಸ್ತುವನ್ನು ಬೇರೆ ಬೇರೆಯಾಗಿ ಓದಿದರೆ ವಿನ್ಯಾಸ ಸ್ಪಷ್ಟವಾಗುತ್ತದೆ. ಮೊದಲನೆಯದು ಒಬ್ಬ ಮನುಷ್ಯನ ಆಯುಸ್ಸು. ಎದೆಬಡಿತದಿಂದ ತೊಡಗಿ ಉಸಿರು, ಓಟ, ಕೈಜಾರುವ ಕಾಲ ಇವುಗಳನ್ನು ದಾಟಿ ಸಾವನ್ನು ಕುರಿತ 'ದ ಗ್ರೇಟ್ ಗಿಗ್ ಇನ್ ದ ಸ್ಕೈ'ಗೆ ಅದು ಮುಟ್ಟುತ್ತದೆ. ಅಲ್ಲಿ ಗಾಯಕಿ ಕ್ಲೇರ್ ಟಾರಿ ಪದಗಳಿಲ್ಲದೆ ಹಾಡುತ್ತಾರೆ. ಆ ದನಿ ಅಡಗಿದಾಗ ಮಗ್ಗುಲೂ ಮುಗಿಯುತ್ತದೆ. ಕೇಳುಗ ಎದ್ದು ತಟ್ಟೆ ಮಗುಚುವ ಮೌನ ಸಾವಿನ ನಂತರದ ಮೌನವಾಗಿ ಒದಗುತ್ತದೆ. ಎರಡನೇ ಮಗ್ಗುಲು ಸಮಾಜದ್ದು. ಮೊದಲಿಗೇ ಚಿಲ್ಲರೆ ಕಾಸು, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಗಳ ಸದ್ದು. ಈ ಸದ್ದುಗಳ ಟೇಪನ್ನು ಅಳೆದು ಕತ್ತರಿಸಿ ಅಂಟಿಸಿ, ಕುಣಿಕೆಯಾಗಿ ತಿರುಗಿಸಿ, ಏಳು ಮಾತ್ರೆಯ ತಾಳವನ್ನು ಕಟ್ಟಲಾಯಿತು. ಹಣದ ನಂತರ ಯುದ್ಧ, ಯುದ್ಧದ ನಂತರ ಹುಚ್ಚು. ಕಡೆಯಲ್ಲಿ ಮತ್ತೆ ಎದೆಬಡಿತ. ಅಬ್ಬೆ ರೋಡ್ ಸ್ಟುಡಿಯೋದ ಎಂಜಿನಿಯರ್ ಅಲನ್ ಪಾರ್ಸನ್ಸ್ ಅವರ ಕುಸುರಿ ಕೆಲಸದಿಂದ ಒಂದು ಭಾಗ ಇನ್ನೊಂದರೊಳಕ್ಕೆ ಹರಿಯುತ್ತದೆ. ಇಡೀ ಆಲ್ಬಮ್ಮಿನಲ್ಲಿ ದೊಡ್ಡ ಕಡಿತವಿರುವುದು ಒಂದೇ ಕಡೆ, ತಟ್ಟೆಯ ನಡುವೆ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಅಳಿದುಹೋದದ್ದು ಈ ಕಡಿತವೇ.

5. ಸೀಳಿದ ಕೃತಿ

ಮಗ್ಗುಲಿಗೆ ಸಲೀಸಾಗಿ ಹಿಡಿಸದ ಕೃತಿ ಬಂದಾಗ ಏನು ಮಾಡಬೇಕು? 1974ರ ಕಛೇರಿಗಳಲ್ಲಿ ತಂಡ ಮೂರು ಹೊಸ ದೀರ್ಘ ಕೃತಿಗಳನ್ನು ನುಡಿಸುತ್ತಿತ್ತು. ಅವುಗಳಲ್ಲಿ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಬ್ಯಾರೆಟ್ ಅವರನ್ನು ನೆನೆದು ಕಟ್ಟಿದ್ದು. ಒಂಬತ್ತು ಭಾಗ, ಮುದ್ರಣದಲ್ಲಿ ಒಟ್ಟು 26 ನಿಮಿಷದಷ್ಟು. ಅದನ್ನು ಒಂದೇ ಮಗ್ಗುಲಿಗಿಟ್ಟು ಉಳಿದೆರಡನ್ನು ಇನ್ನೊಂದರಲ್ಲಿ ಇಡುವುದು ಗಿಲ್ಮೋರ್ ಅವರ ಒಲವಾಗಿತ್ತು. ವಾಟರ್ಸ್ ಅದನ್ನು ಎರಡಾಗಿ ಸೀಳಿ, ನಡುವೆ ಹೊಸ ಹಾಡುಗಳನ್ನಿಡೋಣ ಎಂದರು. ಹೀಗೆ 1975ರ 'ವಿಶ್ ಯೂ ವರ್ ಹಿಯರ್' ರೂಪುಗೊಂಡಿತು. 1971ರಲ್ಲಿ ಪಾಂಪೇಯ ಬರಿದಾದ ರಂಗಮಂದಿರದಲ್ಲಿ ಚಿತ್ರೀಕರಿಸಿದ ಚಲನಚಿತ್ರದಲ್ಲೂ 'ಎಕೋಸ್' ಕೃತಿಯನ್ನು ಸೀಳಿ ಮೊದಲಿಗೂ ಕೊನೆಗೂ ಇಡಲಾಗಿತ್ತು. ಆದರೆ ಆಲ್ಬಮ್ಮಿನಲ್ಲಿ ಸೀಳುವಿಕೆಗೆ ಅರ್ಥ ಕೂಡಿತು: ಅಗಲಿಕೆಯ ಕೃತಿಯೇ ಅಗಲಿ ನಿಂತಿದೆ. ಮೊದಲ ಮಗ್ಗುಲಿನಲ್ಲಿ ಗಿಲ್ಮೋರ್ ಅವರ ನಾಲ್ಕು ಸ್ವರಗಳ ಎಳೆ ಮೂಡಲು ಕೆಲವು ನಿಮಿಷ ಬೇಕು, ಕಂಠ ಕೇಳಿಸುವಷ್ಟರಲ್ಲಿ ಎಂಟು ನಿಮಿಷ ದಾಟಿರುತ್ತದೆ. ಈ ಆಲ್ಬಮ್ಮಿನ ಕೆಲಸ ನಡೆದಿದ್ದ 1975ರ ಜೂನ್ 5ರಂದು ಬ್ಯಾರೆಟ್ ಹೇಳದೆ ಕೇಳದೆ ಸ್ಟುಡಿಯೋಕ್ಕೆ ಬಂದರು. ಗೆಳೆಯರಿಗೆ ಮೊದಲಿಗೆ ಗುರುತೇ ಸಿಗಲಿಲ್ಲ.

ಉಳಿದ ಎರಡು ಕೃತಿಗಳು ಹೊಸ ಸಾಹಿತ್ಯ ಪಡೆದು 1977ರ 'ಅನಿಮಲ್ಸ್'ನಲ್ಲಿ 'ಡಾಗ್ಸ್' ಮತ್ತು 'ಶೀಪ್' ಆದವು. ಅಲ್ಲಿಯೂ ದೀರ್ಘ ಕೃತಿಗಳ ಆಚೆಈಚೆ ಒಂದೂವರೆ ನಿಮಿಷದಷ್ಟಿರುವ ಒಂದೇ ಹಾಡಿನ ಎರಡು ತುಣುಕುಗಳಿವೆ. ಇದೇ ಆಲ್ಬಮ್ ಕಾರುಗಳಲ್ಲಿ ಬಳಕೆಯಲ್ಲಿದ್ದ ಎಂಟು-ಟ್ರ್ಯಾಕ್ ಕಾರ್ಟ್ರಿಡ್ಜ್ ರೂಪದಲ್ಲಿಯೂ ಬಂತು. ಆ ಟೇಪು ಕೊನೆಯಿಲ್ಲದ ಕುಣಿಕೆ. ಮಗುಚುವ ಮಾತೇ ಇಲ್ಲ. ಅದರಲ್ಲಿ ಆ ಎರಡು ತುಣುಕುಗಳನ್ನು ಸ್ನೋಯಿ ವೈಟ್ ಅವರ ಗಿಟಾರ್ ವಾದನದಿಂದ ಬೆಸೆಯಲಾಯಿತು. ಸಾಧನ ಬದಲಾದಾಗ ರಚನೆಯೇ ಬದಲಾದ ಈ ನಿದರ್ಶನ ನಮ್ಮ ವಾದಕ್ಕೆ ಗಟ್ಟಿ ಆಧಾರ.

6. ನಾಲ್ಕು ಮಗ್ಗುಲಿನ ಗೋಡೆ

1979ರ ನವೆಂಬರ್ 30ರಂದು ಬಂದ 'ದ ವಾಲ್' ಎರಡು ತಟ್ಟೆಗಳದ್ದು. ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವ ಗಾಯಕನ ಕಥೆಯಲ್ಲಿ ಕೊನೆಯ ಇಟ್ಟಿಗೆ ಬೀಳುವುದು ಎರಡನೇ ಮಗ್ಗುಲಿನ ಕೊನೆಗೆ, ಮೊದಲ ತಟ್ಟೆ ಮುಗಿಯುವಲ್ಲಿ. ವೇದಿಕೆಯ ಮೇಲೆಯೂ ಗೋಡೆ ಪೂರ್ಣವಾದದ್ದು ಮಧ್ಯಂತರಕ್ಕೆ. ಮಗ್ಗುಲಿನ ಅವಧಿ ಸಾಲದೆ ಒಂದು ಹಾಡನ್ನು ಕೊನೆ ಗಳಿಗೆಯಲ್ಲಿ ಕೈಬಿಡಬೇಕಾಯಿತು. ಅಷ್ಟರಲ್ಲಿ ಹೊದಿಕೆ ಅಚ್ಚಾಗಿದ್ದರಿಂದ ಅದರ ಸಾಹಿತ್ಯ ಮಾತ್ರ ಅಲ್ಲೇ ಉಳಿಯಿತು. ಇನ್ನೊಂದೆಡೆ, ಚಿಕ್ಕದಾಗಿದ್ದ 'ಅನದರ್ ಬ್ರಿಕ್ ಇನ್ ದ ವಾಲ್'ನ ಎರಡನೇ ಭಾಗವನ್ನು ನಿರ್ಮಾಪಕ ಬಾಬ್ ಎಜ್ರಿನ್ ಹಿಗ್ಗಿಸಿ, ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳ ದನಿ ಸೇರಿಸಿ ಸಿಂಗಲ್ ಆಗಿಸಿದರು. ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಮೂರು ನಿಮಿಷದ ಅಳತೆ ಮರಳಿತ್ತು. ರೈಟ್ ಈ ಅವಧಿಯಲ್ಲೇ ತಂಡದಿಂದ ಹೊರಬಿದ್ದರು. ವಾಟರ್ಸ್ 1985ರಲ್ಲಿ ತೊರೆದರು. ಒಟ್ಟಾಗಿ ಕಾಲವನ್ನು ಹಂಚಿಕೊಳ್ಳುತ್ತಿದ್ದ ನಾಲ್ವರ ಕ್ರಮ ಅಲ್ಲಿಗೆ ಮುಗಿಯಿತು.

7. ಉಪಸಂಹಾರ

ಬ್ಯಾರೆಟ್ ಅವರ ಅಗಲಿಕೆ ತಂಡಕ್ಕೆ ವಸ್ತುವನ್ನು ಕೊಟ್ಟಿತು, ವಾಟರ್ಸ್ ಅದಕ್ಕೆ ಮಾತು ಕೊಟ್ಟರು. ಆ ನೋವು ಮೂರು ನಿಮಿಷದ ಶೋಕಗೀತೆಯಾಗದೆ ಎಂಟು ನಿಮಿಷ ಕಾದು ಬಾಯಿ ತೆರೆಯುವ ಕೃತಿಯಾಗಲು ತಟ್ಟೆಯ ಮಗ್ಗುಲು ಬೇಕಾಯಿತು. 2008ರಲ್ಲಿ ರೈಟ್ ತೀರಿಕೊಂಡರು. ಅವರ ನೆನಪಿಗೆ ಗಿಲ್ಮೋರ್ ಮತ್ತು ಮೇಸನ್ ಹಳೆಯ ಮುದ್ರಣಗಳಿಂದ 2014ರಲ್ಲಿ 'ದ ಎಂಡ್‌ಲೆಸ್ ರಿವರ್' ರೂಪಿಸಿದಾಗ ಅದನ್ನು ನಾಲ್ಕು 'ಸೈಡ್'ಗಳಾಗಿಯೇ ವಿಂಗಡಿಸಿದರು. ತಟ್ಟೆ ಮಗುಚುವವರು ವಿರಳವಾಗಿದ್ದ ಕಾಲದಲ್ಲೂ ಅವರ ಕೈ ಆ ಅಳತೆಯನ್ನು ಬಿಟ್ಟಿರಲಿಲ್ಲ.

ನಮ್ಮ ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಇಬ್ಬರೂ ನಿಮಿಷಕ್ಕೆ 78 ಸುತ್ತಿನ ತಟ್ಟೆಗೂ ಹಾಡಿದರು, ಎಲ್‌ಪಿಗೂ ಹಾಡಿದರು. ಆ ಹಾಡಿಕೆಯಲ್ಲಿ ಎಲ್ಲಿ ಅವಸರವಿತ್ತು, ಎಲ್ಲಿ ಬಿಡುವು ಸಿಕ್ಕಿತು ಎಂದು ಅಳೆಯಬೇಕಾದರೆ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ಇಳಿಸುವಾಗ ಮಗ್ಗುಲಿನ ವಿವರವನ್ನೂ ದಾಖಲಿಸಿಡಬೇಕು. ಯಾವ ಹಾಡು ಯಾವ ಮಗ್ಗುಲಿನದು, ಸೂಜಿ ಎಲ್ಲಿ ಮೇಲೆದ್ದಿತು ಎಂಬುದು ಅಳಿದರೆ ಕಲಾವಿದರು ಕಾಲದೊಡನೆ ನಡೆಸಿದ ಹೊಂದಾಣಿಕೆಯ ಗುರುತೂ ಅಳಿಯುತ್ತದೆ.