ಹಿತ್ತಲದ ಸದಾಪುಷ್ಪ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಕಡೆಗೆ ಹೋದರೂ ಹಿತ್ತಲದಾಗ ಐದೆಸಳಿನ ಗುಲಾಬಿ ಇಲ್ಲವೆ ಬಿಳಿ ಹೂವಿನ ಗಿಡವೊಂದು ಕಾಣುತ್ತದೆ. ಅದೇ ಸದಾಪುಷ್ಪ. ವರ್ಷವಿಡೀ ದೇವರಿಗೆ ಹೂ ಕೊಡುತ್ತದೆ. ಎಲೆ ಕಹಿ, ದನ ಬಾಯಿ ಹಾಕುವುದಿಲ್ಲ. “ಸಕ್ಕರಿ ಬ್ಯಾನಿಗೆ ಇದರ ಎಲಿ ರಸ ಛಲೋ” ಎಂಬ ಮಾತು ನೀವೂ ಕೇಳಿರಬೇಕು. ಆ ಮಾತಿಗೆ ಒಂದು ಇತಿಹಾಸವಿದೆ, ಕೇಳ್ರಿ.

ಈ ಗಿಡದ ತವರು ಆಫ್ರಿಕದ ಮಗ್ಗುಲಿನ ಮಡಗಾಸ್ಕರ ದ್ವೀಪ. ಅಲ್ಲಿಂದ ಬಿಸಿಲ ನಾಡುಗಳಲ್ಲೆಲ್ಲ ಹಬ್ಬಿತು. ದೂರದ ಜಮೈಕಾದಲ್ಲಿಯೂ ಜನ ಸಕ್ಕರೆ ರೋಗಕ್ಕೆ ಇದರ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಯ ಎಲೆಗಳು ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರ ಕೈಸೇರಿದವು. ಅವರು ಅವನ್ನು ಸಂಶೋಧಕರಾಗಿದ್ದ ತಮ್ಮ ರಾಬರ್ಟ್ ನೋಬಲ್ ಅವರಿಗೆ ಕೊಟ್ಟರು.

ಇಲಿಗಳಿಗೆ ಕುಡಿಸಿ ನೋಡಿದರೆ ರಕ್ತದ ಸಕ್ಕರೆ ಇಳಿಯಲಿಲ್ಲ. ಎಲೆಯ ಸಾರವನ್ನು ಸೂಜಿಯಿಂದ ಚುಚ್ಚಿದಾಗ ರಕ್ತದ ಬಿಳಿ ಕಣಗಳು ತೀರ ಕಡಿಮೆಯಾಗಿ, ಸೋಂಕು ತಗಲಿ ಇಲಿಗಳು ಸತ್ತವು. ಅಲ್ಲಿಗೇ ಕೈಬಿಡಬಹುದಿತ್ತು. ಆದರೆ ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದೇ ಮದ್ದಾಗಬಾರದೇಕೆ? ಈ ದಾರಿ ಹಿಡಿದು ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸತ್ವವನ್ನು ಲೋಕಕ್ಕೆ ತಿಳಿಸಿದರು. ಅಮೆರಿಕದಲ್ಲಿ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ದೊರೆಯಿತು. 1963ರಲ್ಲಿ ಅಲ್ಲಿಯ ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ಕಣ ಒಂದು ಹೋಗಿ ಎರಡಾಗುವುದನ್ನು ಈ ಸತ್ವಗಳು ತಡೆಯುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಮದ್ದು.

ಹಾಗಾದರೆ ಮನೆಯಲ್ಲೇ ಎಲೆ ಅರೆದು ಕುಡಿಯಬಹುದೇ? ಬ್ಯಾಡ್ರಿ. ನೂರಾರು ಕಿಲೋ ಒಣ ಎಲೆಯಿಂದ ಒಂದು ಗ್ರಾಂ ಸತ್ವ ತೆಗೆದು, ಶುದ್ಧಮಾಡಿ, ರೋಗಿಗೆ ತಕ್ಕಂತೆ ಅಳೆದು ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಅಳತೆ ತಪ್ಪಿದರೆ ಅದೇ ವಿಷ. ಮನೆಯ ಕಷಾಯದಿಂದ ಕ್ಯಾನ್ಸರ್ ಹೋಗದು. ಸಕ್ಕರೆ ರೋಗದವರು ಗುಳಿಗೆ, ಇನ್ಸುಲಿನ್ ಬಿಟ್ಟು ಎಲೆ ರಸ ನೆಚ್ಚಿದರೆ ಜೀವಕ್ಕೆ ಅಪಾಯ. ಬಸುರಿಯರು, ಮಕ್ಕಳು ಇದನ್ನು ಬಾಯಿಗೆ ಹಾಕಲೇಬಾರದು.

ಬೆಳೆಯಾಗಿ ಹಾಕುವ ಮನಸ್ಸಿದ್ದರೆ ನೀರು ಬಸಿದುಹೋಗುವ ಮಸಾರಿ ನೆಲ ಒಳ್ಳೆಯದು. ಎರಿ ಹೊಲದಾಗ ನೀರು ನಿಂತರೆ ಬೇರು ಕೊಳೆಯುತ್ತದೆ. ಎಲೆ, ಬೇರು ಕೊಳ್ಳುವವರು ಯಾರೆಂದು ಗಟ್ಟಿಮಾಡಿಕೊಳ್ಳದೆ ಎಕರೆಗಟ್ಟಲೆ ಹಾಕಬೇಡಿರಿ.

ಹಿರಿಯರ ಮಾತು ಈ ಗಿಡದ ಕಡೆಗೆ ಬೆರಳು ತೋರಿಸಿತು. ಅದರ ನಿಜವಾದ ಗುಣ ಪರೀಕ್ಷೆಯಿಂದ ತಿಳಿಯಿತು. ನಿಮ್ಮ ಊರಿನ ಮದ್ದಿನ ಗಿಡಗಳ ಹೆಸರು, ಅವನ್ನು ಬಳಸುವ ರೀತಿ ಹಿರಿಯರಿಂದ ಕೇಳಿ ಬರೆದಿಡಿರಿ. ಹೂ ದೇವರಿಗಿರಲಿ, ರೋಗಕ್ಕೆ ದವಾಖಾನೆಗೆ ಹೋಗಿರಿ.