ಸತ್ತು ಬದುಕಿದ ‘ಜಿಂದಾ ಲಾಶ್’

ದೆವ್ವದ ಸಿನಿಮಾ ಎಂದರೆ ಮೂಗು ಮುರಿಯುವವರೇ ಹೆಚ್ಚು. ಸಿನಿಮಾ ಚರಿತ್ರೆ ಬರೆಯುವವರೂ ಅವುಗಳಿಗೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಆದರೆ ಒಂದು ನಾಡಿನ ಸಿನಿಮಾ ನೆನಪನ್ನು ಉಳಿಸುವ ಕೆಲಸಕ್ಕೆ ಇಂಥ ಚಿತ್ರಗಳನ್ನು ಹುಚ್ಚರಂತೆ ಪ್ರೀತಿಸುವವರೇ ಮುಂದಾದದ್ದುಂಟು. ನೆರೆಯ ಪಾಕಿಸ್ತಾನದ ‘ಜಿಂದಾ ಲಾಶ್’ ಚಿತ್ರದ ಕಥೆ ಅಂಥದ್ದು.

1947ರ ವಿಭಜನೆ ಲಾಹೋರಿನ ಚಿತ್ರೋದ್ಯಮವನ್ನೂ ಸೀಳಿತು. ದಲ್‌ಸುಖ್ ಪಂಚೋಲಿಯಂಥ ದೊಡ್ಡ ನಿರ್ಮಾಪಕರು ಊರು ಬಿಟ್ಟು ಮುಂಬಯಿ ಸೇರಿದರು. ಉಳಿದವರು ಬರಿಗೈಯಿಂದ ಉದ್ಯಮವನ್ನು ಮತ್ತೆ ಕಟ್ಟಬೇಕಾಯಿತು. 1965ರ ಯುದ್ಧದ ನಂತರ ಭಾರತದ ಚಿತ್ರಗಳಿಗೆ ಅಲ್ಲಿ ಬಾಗಿಲು ಮುಚ್ಚಿದಾಗ ಲಾಹೋರಿನ ಸ್ಟುಡಿಯೋಗಳು ಬಿಡುವಿಲ್ಲದಂತಾದವು. ಹೊಸದನ್ನು ಮಾಡಿ ನೋಡುವ ಧೈರ್ಯವೂ ಬಂತು.

ಆ ಧೈರ್ಯದ ಫಲವೇ 1967ರಲ್ಲಿ ತೆರೆಕಂಡ ಕಪ್ಪು ಬಿಳುಪಿನ ‘ಜಿಂದಾ ಲಾಶ್’. ಹೆಸರಿನ ಅರ್ಥ ‘ಜೀವಂತ ಹೆಣ’. ನಿರ್ಮಾಪಕ ಅಬ್ದುಲ್ ಬಾಕಿ, ನಿರ್ದೇಶಕ ಖ್ವಾಜಾ ಸರ್ಫರಾಜ್. ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿ ಮತ್ತು ಬ್ರಿಟನ್ನಿನ ಹ್ಯಾಮರ್ ಸಂಸ್ಥೆ 1958ರಲ್ಲಿ ಅದನ್ನು ಸಿನಿಮಾ ಮಾಡಿದ ರೀತಿ, ಇವೆರಡೂ ಇದಕ್ಕೆ ಪ್ರೇರಣೆ.

ಆದರೆ ಅವರು ಕುರುಡಾಗಿ ನಕಲು ಮಾಡಲಿಲ್ಲ. ಪಾಶ್ಚಾತ್ಯ ಕಥೆಯಲ್ಲಿ ರಕ್ತ ಹೀರುವ ಪಿಶಾಚಿಯನ್ನು ಶಿಲುಬೆ ತೋರಿಸಿ ಓಡಿಸುತ್ತಾರೆ. ಲಾಹೋರಿನ ಪ್ರೇಕ್ಷಕನಿಗೆ ಅದು ಒಗ್ಗುವ ಮಾತಲ್ಲ. ಹಾಗಾಗಿ ಇಲ್ಲಿ ಶಿಲುಬೆಯಿಲ್ಲ, ಸೂರ್ಯನ ಬೆಳಕಿದೆ. ನಟ ರೆಹಾನ್ ವಹಿಸಿದ ಪ್ರೊಫೆಸರ್ ತಬಾನಿ ಯಾವುದೋ ಹಳೆಯ ಶಾಪಕ್ಕೆ ಸಿಕ್ಕಿ ಪಿಶಾಚಿಯಾದವನಲ್ಲ. ಸಾವನ್ನೇ ಗೆಲ್ಲುತ್ತೇನೆಂದು ಹೊರಟ ವಿಜ್ಞಾನಿ. ಪ್ರಯೋಗಶಾಲೆಯಲ್ಲಿ ತಾನೇ ತಯಾರಿಸಿದ ಔಷಧ ಕುಡಿದು ಸಾಯುತ್ತಾನೆ, ಆಮೇಲೆ ರಕ್ತದಾಹಿಯಾಗಿ ಏಳುತ್ತಾನೆ. ಹುಟ್ಟುಸಾವು ಮನುಷ್ಯನ ಕೈಯಲ್ಲಿಲ್ಲ ಎಂದು ನಂಬಿದ ಸಮಾಜಕ್ಕೆ ಇದಕ್ಕಿಂತ ದೊಡ್ಡ ಭಯ ಯಾವುದಿದೆ? ಎರವಲು ತಂದ ಕಥೆಗೆ ಅವರು ತಮ್ಮ ನೆಲದ ಭಯವನ್ನು ತುಂಬಿದರು. ನಡುವೆ ಹಾಡು, ಕುಣಿತ, ಕಾರಿನ ಬೆನ್ನಟ್ಟುವಿಕೆ ಎಲ್ಲವೂ ಇವೆ.

ಚಿತ್ರಕ್ಕೆ ‘ವಯಸ್ಕರಿಗೆ ಮಾತ್ರ’ ಎಂಬ ಹಣೆಪಟ್ಟಿ ಬಿತ್ತು. ಕಾಲಕ್ರಮದಲ್ಲಿ ಜನ ಅದನ್ನು ಮರೆತರು. 1977ರಲ್ಲಿ ಜನರಲ್ ಜಿಯಾ ಅಧಿಕಾರ ಹಿಡಿದರು. 1979ರಲ್ಲಿ ಸಿನಿಮಾಗಳ ಮೇಲೆ ಹೊಸ ಕಟ್ಟುಪಾಡುಗಳು ಬಂದವು. ಬೆನ್ನಿಗೇ ವಿಡಿಯೋ ಕ್ಯಾಸೆಟ್ಟಿನ ಕಾಲ ಬಂತು. ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು. ಹಳೆಯ ಚಿತ್ರಗಳ ಪ್ರತಿಗಳನ್ನು ಕಾಪಿಡುವ ಕಾಳಜಿ ಸರಕಾರಕ್ಕೂ ಇರಲಿಲ್ಲ, ಉದ್ಯಮಕ್ಕೂ ಇರಲಿಲ್ಲ.

ಆಗ ನೆರವಿಗೆ ಬಂದದ್ದು ಒಂದು ಐಸ್‌ಕ್ರೀಂ ಅಂಗಡಿ! ಇಸ್ಲಾಮಾಬಾದಿನ ‘ಹಾಟ್‌ಸ್ಪಾಟ್’ ಅಂಗಡಿಯ ಒಡೆಯ ಉಮರ್ ಅಲಿ ಖಾನ್‌ಗೆ ದೆವ್ವದ ಚಿತ್ರಗಳ ಗೀಳು. ಅಂಗಡಿಯ ಗೋಡೆಗಳ ಮೇಲೆ ಹಳೆಯ ಚಿತ್ರಗಳ ಪೋಸ್ಟರುಗಳು. ಯಾರೂ ಬೇಡವೆಂದ ಲಾಲಿವುಡ್ ಚಿತ್ರಗಳನ್ನು ಹುಡುಕಿ ನೋಡುವುದು, ಅವುಗಳ ಬಗ್ಗೆ ಬರೆಯುವುದು ಅವರ ಹವ್ಯಾಸ. ಬ್ರಿಟನ್ನಿನ ಪೀಟ್ ಟೂಂಬ್ಸ್ ಕೂಡ ಇಂಥದೇ ಗೀಳಿನವರು. ಜಗತ್ತಿನ ಮೂಲೆಮೂಲೆಯ ವಿಚಿತ್ರ ಚಿತ್ರಗಳ ಬಗ್ಗೆ ‘ಮೊಂಡೊ ಮಕಾಬ್ರೊ’ ಎಂಬ ಪುಸ್ತಕ ಬರೆದವರು. ಅದೇ ಹೆಸರಿನ ಅವರ ಸಂಸ್ಥೆ 2003ರಲ್ಲಿ ‘ಜಿಂದಾ ಲಾಶ್’ ಚಿತ್ರವನ್ನು ಡಿವಿಡಿಯಲ್ಲಿ ಹೊರತಂದಿತು. ಲಾಹೋರಿನ ಹೆಣ ಎದ್ದು ಲೋಕಸಂಚಾರ ಹೊರಟಿತು.

ಇಬ್ಬರೂ ಅಷ್ಟಕ್ಕೇ ನಿಲ್ಲಲಿಲ್ಲ. ಜೊತೆಯಾಗಿ ಬರೆದ ‘ಜಿಬಾಹ್‌ಖಾನಾ’ ಚಿತ್ರವನ್ನು ಉಮರ್ ಖಾನ್ 2007ರಲ್ಲಿ ನಿರ್ದೇಶಿಸಿದರು. ಹೆಸರಿನ ಅರ್ಥ ಕಸಾಯಿಖಾನೆ. ಮನೆಯಲ್ಲಿ ಸುಳ್ಳು ಹೇಳಿ ಸಂಗೀತ ಕಾರ್ಯಕ್ರಮಕ್ಕೆ ಹೊರಟ ಐವರು ನಗರದ ಯುವಜನರು ದಾರಿ ತಪ್ಪುತ್ತಾರೆ. ವಿಷ ಬೆರೆತ ನೀರಿನಿಂದ ಹೆಣಗಳಂತಾದ ಜನ ಅವರ ಮೇಲೆರಗುತ್ತಾರೆ. ಶುದ್ಧ ನೀರಿಲ್ಲದ ನಾಡಿನಲ್ಲಿ ಇದು ಬರೀ ಕಟ್ಟುಕಥೆಯೇ? ದಾರಿಬದಿಯಲ್ಲಿ ಚಹಾ ಮಾರುತ್ತ ಅವರನ್ನು ಎಚ್ಚರಿಸುವ ಮುದುಕನ ಪಾತ್ರದಲ್ಲಿರುವವರು ರೆಹಾನ್, ಅದೇ ಹಳೆಯ ಪ್ರೊಫೆಸರ್ ತಬಾನಿ! ಅಭಿಮಾನಿಗಳು ನಲ್ವತ್ತು ವರ್ಷಗಳ ನಂತರ ತಮ್ಮ ಪಿಶಾಚಿಗೆ ಸಲ್ಲಿಸಿದ ಗೌರವವದು.

2023ರಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ಪಾಕ್ಷಿಕ ವಿಭಾಗದಲ್ಲಿ ಜರ್ರಾರ್ ಕಹನ್ ಅವರ ‘ಇನ್ ಫ್ಲೇಮ್ಸ್’ ತೆರೆಕಂಡಿತು. ಅದು ಕರಾಚಿಯ ತಾಯಿ ಮಗಳ ಕಥೆ. ಅವರು ನೆಲೆಸಿದ ಮನೆಯ ಮೇಲೆ ಸಂಬಂಧಿಯೊಬ್ಬನ ಕಣ್ಣಿದೆ. ಅಲ್ಲಿ ಕಾಡುವವರು ಬರೀ ಪ್ರೇತಗಳಲ್ಲ.

ಯಾವ ಚಿತ್ರ ಉಳಿಯಬೇಕೆಂದು ಗಣ್ಯರೇ ತೀರ್ಮಾನಿಸಿದ್ದರೆ ‘ಜಿಂದಾ ಲಾಶ್’ ಎಂದೋ ಮಣ್ಣುಪಾಲಾಗುತ್ತಿತ್ತು. ಪ್ರಶಸ್ತಿ ಗೆದ್ದ ಚಿತ್ರ ಒಂದು ಸಮಾಜ ತನ್ನನ್ನು ಹೇಗೆ ತೋರಿಸಿಕೊಳ್ಳಬಯಸುತ್ತದೆ ಎಂದು ಹೇಳುತ್ತದೆ. ಅದು ಯಾವುದಕ್ಕೆ ಹೆದರುತ್ತದೆ ಎಂದು ಹೇಳುವುದು ದೆವ್ವದ ಚಿತ್ರ. ಎರಡನ್ನೂ ಕಾಪಿಟ್ಟರೆ ಮಾತ್ರ ಚರಿತ್ರೆ ಪೂರ್ಣವಾದೀತು. ನಮ್ಮ ಊರುಗಳ ಮುಚ್ಚಿದ ಟಾಕೀಸುಗಳ ಕತ್ತಲಲ್ಲಿ ಇನ್ನೆಷ್ಟು ರೀಲುಗಳು ಕೊಳೆಯುತ್ತಿವೆಯೋ!