ದಾಖಲಾತಿ ಪುಸ್ತಕದ ಒಂದು ದಿನಾಂಕ

ಶಾಲೆಗೆ ಐವತ್ತು ತುಂಬಿದೆ, ನೀನೂ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ಸಂತೋಷದ ಜೊತೆಗೆ ಅಂಜಿಕೆಯೂ ಆಯಿತು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಇತಿಹಾಸಕಾರನಲ್ಲ. ಆದರೆ ಶಾಲೆ ಎಂದೊಡನೆ ನನಗೆ ಮೊದಲು ನೆನಪಾಗುವುದು ಹುಡುಗಿಯರ ಸಾಲಿನ ಎರಡನೇ ಬೆಂಚು. ಅಲ್ಲಿ ಕೂಡುತ್ತಿದ್ದ ಸಹಪಾಠಿ ಗಣಿತದಲ್ಲಿ ನನಗಿಂತ ಮುಂದಿದ್ದಳು. ಒಂಬತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ, ಅಕ್ಕನ ಮದುವೆಯ ಹಂದರದಲ್ಲೇ ಆಕೆಯ ಅಕ್ಕಿಕಾಳೂ ಬಿದ್ದವು. ನಾವೂ ಹೋಗಿ ಹುಗ್ಗಿ ಉಂಡು ಬಂದೆವು. ಜೂನ್‌ನಲ್ಲಿ ಹಾಜರಿ ಕೂಗುವಾಗ ಆ ಹೆಸರು ಇರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಂದು ಕೇಳದ ಆ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದ ಇತಿಹಾಸ ಇದು.

1884ರಲ್ಲಿ ನಮ್ಮ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಕಲಾದಗಿ ಆಗ ಜಿಲ್ಲಾ ಕೇಂದ್ರ. ಮುಂದೆ ಅದು ವಿಜಾಪುರಕ್ಕೆ ಹೋಯಿತು. ಅದೇ ವರ್ಷ ಮುಂಬಯಿಯಲ್ಲಿ ರಖಮಾಬಾಯಿ ಎಂಬ ತರುಣಿಯ ಮೇಲೆ ಆಕೆಯ ಗಂಡ ದಾವೆ ಹೂಡಿದ. ಹನ್ನೊಂದನೇ ವಯಸ್ಸಿನಲ್ಲಿ ಆದ ಮದುವೆಯನ್ನು ಆಕೆ ಒಪ್ಪಿರಲಿಲ್ಲ. 1887ರಲ್ಲಿ ನ್ಯಾಯಾಲಯ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಿತು. ಜೈಲೇ ಲೇಸೆಂದಳು ಆಕೆ. ಮರುವರ್ಷ ರಾಜಿಯಾಯಿತು, ಆಕೆ ಲಂಡನ್ನಿನಲ್ಲಿ ಓದಿ ವೈದ್ಯೆಯಾಗಿ ಸೂರತ್‌ನಲ್ಲಿ ಸೇವೆ ಮಾಡಿದರು. ಈ ಪ್ರಕರಣ ಎಬ್ಬಿಸಿದ ಚರ್ಚೆಯ ಬೆನ್ನಲ್ಲೇ 1891ರ ಕಾಯ್ದೆ ಬಂದು, ಸಮ್ಮತಿಯ ವಯಸ್ಸು 10ರಿಂದ 12ಕ್ಕೆ ಏರಿತು. ಅಷ್ಟಕ್ಕೇ ದೇಶದಲ್ಲಿ ದೊಡ್ಡ ಗದ್ದಲವಾಯಿತು.

1929ರಲ್ಲಿ ಹರಬಿಲಾಸ ಶಾರದಾ ಅವರ ಪ್ರಯತ್ನದಿಂದ ಬಾಲ್ಯವಿವಾಹ ತಡೆ ಕಾಯ್ದೆ ಬಂತು. ಹುಡುಗಿಗೆ 14, ಹುಡುಗನಿಗೆ 18. ಜಾರಿಯಾಗಿದ್ದು 1930ರ ಏಪ್ರಿಲ್ 1ಕ್ಕೆ. ನಡುವೆ ಸಿಕ್ಕ ತಿಂಗಳುಗಳಲ್ಲಿ ದೇಶದ ತುಂಬ ಜನ ಅವಸರದಿಂದ ಮಕ್ಕಳ ಮದುವೆ ಮುಗಿಸಿದರು. ಬ್ರಿಟಿಷ್ ಸೀಮೆಯ ಕಾಯ್ದೆ ಸಂಸ್ಥಾನಗಳಿಗೆ ಅನ್ವಯಿಸುತ್ತಿರಲಿಲ್ಲ. ನಮ್ಮ ಇಳಕಲ್ ದಾಟಿದರೆ ಕುಷ್ಟಗಿ. ಅದು ನಿಜಾಮನ ರಾಜ್ಯ. ಕಾಯ್ದೆಯ ಬೇಲಿ ಎಷ್ಟು ತಗ್ಗಾಗಿತ್ತೆಂದು ಇದರಿಂದಲೇ ತಿಳಿಯುತ್ತದೆ. ಸ್ವಾತಂತ್ರ್ಯದ ನಂತರ 1949ರಲ್ಲಿ ಹುಡುಗಿಯ ವಯಸ್ಸು 15, 1978ರಲ್ಲಿ 18 ಆಯಿತು, ಹುಡುಗನಿಗೆ 21. ಹನ್ನೆರಡು ಹದಿನೆಂಟಾಗಲು ಸುಮಾರು ತೊಂಬತ್ತು ವರ್ಷ ಹಿಡಿಯಿತು.

ಆದರೂ ಒಂದು ಕೊರತೆ ಉಳಿಯಿತು. 2006ರ ಹೊಸ ಕಾಯ್ದೆ ಮಾಡಿಸಿದವರನ್ನು ಶಿಕ್ಷಿಸಿದರೂ, ನಡೆದ ಮದುವೆ ಸಾಮಾನ್ಯವಾಗಿ ಊರ್ಜಿತವಾಗಿಯೇ ಇರುತ್ತಿತ್ತು. ಬೇಡವೆಂದರೆ ಆ ಹುಡುಗಿಯೇ ಕೋರ್ಟಿಗೆ ಹೋಗಬೇಕು. ಅದೂ ಹದಿನೆಂಟು ತುಂಬಿದ ಎರಡು ವರ್ಷದೊಳಗೆ. ನಮ್ಮೂರಿನ ಯಾವ ಸೊಸೆಗೆ ಇದು ಸಾಧ್ಯ?

ಇಲ್ಲಿ ದಾರಿ ತೋರಿಸಿದ್ದು ನಮ್ಮ ಕರ್ನಾಟಕ. ಹೈಕೋರ್ಟಿನ ಆದೇಶದ ಮೇರೆಗೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ನೆರೆಯ ರಾಯಚೂರು ಜಿಲ್ಲೆಯವರಾದ ಶಿವರಾಜ ಪಾಟೀಲರ ಸಮಿತಿ ರಚನೆಯಾಗಿ, 2011ರಲ್ಲಿ ವರದಿ ಕೊಟ್ಟಿತು. ಮುಂದೆ ರಾಜ್ಯ ತಂದ ತಿದ್ದುಪಡಿ 2017ರಲ್ಲಿ ಜಾರಿಯಾಯಿತು. ಅದರಂತೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ದೂರಿಗೆ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಬಹುದು. ಅದೇ ವರ್ಷ ಅಕ್ಟೋಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಳಿದ ರಾಜ್ಯಗಳೂ ಕರ್ನಾಟಕದ ಹಾದಿ ಹಿಡಿಯುವುದು ಒಳ್ಳೆಯದೆಂದು ಹೇಳಿತು.

ಇಷ್ಟೆಲ್ಲ ಕಾಯ್ದೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಹುಡುಗಿಯ ವಯಸ್ಸೆಷ್ಟು? ಬಾಲ ನ್ಯಾಯ ಕಾಯ್ದೆಯಲ್ಲಿ ವಯಸ್ಸಿಗೆ ಮೊದಲ ಪುರಾವೆ ಶಾಲೆಯ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಇಲ್ಲದಿದ್ದರೆ ಪಂಚಾಯತಿ, ಪುರಸಭೆಯ ಜನನ ಪತ್ರ. ಅದೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ನಮ್ಮ ಕಾಲದಲ್ಲಿ ಅರ್ಧ ತರಗತಿಯ ಹುಟ್ಟುಹಬ್ಬ ಜೂನ್ 1. ಹೆಸರು ಹಚ್ಚಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲದಾಗ ಮಾಸ್ತರರೇ ಬರೆದುಕೊಂಡದ್ದು! ಅದನ್ನು ನೆನೆದು ನಾವು ಇಂದಿಗೂ ನಗುತ್ತೇವೆ. ಆದರೆ ಅಂಥ ಒಂದು ದಿನಾಂಕವೇ ಮದುವೆಯನ್ನು ನಿಲ್ಲಿಸಬಲ್ಲದು.

ತಂದೆತಾಯಿಗಳನ್ನೇ ದೂಷಿಸಿ ನಾನಿದನ್ನು ಬರೆಯುತ್ತಿಲ್ಲ. ಬಾದಾಮಿ, ಹುನಗುಂದದ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರಿಗೆ ಬೆಳೆದ ಮಗಳನ್ನು ಯಾರ ಬಳಿ ಬಿಡುವುದೆಂಬ ಚಿಂತೆ ಸುಳ್ಳಲ್ಲ. ಕಡ್ಡಾಯ ಶಿಕ್ಷಣದ ಹಕ್ಕೂ 14 ವರ್ಷಕ್ಕೇ ಮುಗಿಯುತ್ತದೆ. ಹದಿನಾಲ್ಕರಿಂದ ಹದಿನೆಂಟರ ನಡುವಿನ ಆ ನಾಲ್ಕು ವರ್ಷವೇ ಅಪಾಯದ ಕಾಲ. ಆಗ ಹುಡುಗಿಯನ್ನು ಹಿಡಿದು ನಿಲ್ಲಿಸುವ ಊರ ಕಟ್ಟಡವೆಂದರೆ ಪ್ರೌಢಶಾಲೆ, ಅಂದರೆ ನಮ್ಮ ಈ ಶಾಲೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಕಂಪ್ಯೂಟರ್, ಫ್ಯಾನು ಕೊಡೋಣ. ಜೊತೆಗೆ ಜೂನ್‌ನಲ್ಲಿ ಒಮ್ಮೆ ಬಂದು, ಹತ್ತನೇ ತರಗತಿಗೆ ಬಾರದ ಹುಡುಗಿ ಯಾರೆಂದು ಗುರುಗಳನ್ನು ಕೇಳೋಣ. ಅವಳ ಮನೆಗೆ ಹೋಗಿ ಬರೋಣ. ಮಾತು ಮೀರಿದರೆ ಮಕ್ಕಳ ಸಹಾಯವಾಣಿ 1098 ಇದೆ, ತಾಲ್ಲೂಕಿನಲ್ಲಿ ಸಿಡಿಪಿಒ ಕಚೇರಿ ಇದೆ. ಹುಗ್ಗಿ ಉಣ್ಣಲು ಕರೆದಾಗ ವಧುವಿನ ವಯಸ್ಸು ಕೇಳುವ ಧೈರ್ಯ ನಮಗಿರಲಿ. ಅಂದು ನನಗೆ ಇರಲಿಲ್ಲ.

ನಮ್ಮ ಶಾಲೆ ನೂರು ಕಾಣಲಿ. ಅದರ ಹಾಜರಿ ಪುಸ್ತಕದಲ್ಲಿ ಯಾವ ಹೆಸರೂ ನಡುವೆ ನಿಲ್ಲದಿರಲಿ.